ಸಲಹೆಗಾರರನ್ನು ಕಾಟಾಕ್ಕೆ ಹಚ್ಚುವುದು

ಬ್ಯಾಡಗಿ, ಹಾವೇರಿ ಮತ್ತು ಹುಬ್ಬಳ್ಳಿಯ ಅಮರಗೋಳ ಯಾರ್ಡಿನ, ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಡತಿ ಅಂಗಡಿಗಳಿಗೆ ಕಂಪ್ಯೂಟರ್ ಸಲಹೆಗಾರರನ್ನು ಆರಿಸಿಕೊಡುವಾಗ ನಾನು ಅನುಸರಿಸುವ ಕ್ರಮ ಇದು. ಮಾಲಕರು ಸಾಮಾನ್ಯವಾಗಿ ಮೊದಲು ಮೊಬೈಲ್ ತೋರಿಸುತ್ತಾರೆ: “ಇವರ ವಿಡಿಯೋ ಲಕ್ಷ ಮಂದಿ ನೋಡ್ಯಾರ್ರಿ, ಇವರನ್ನ ಕರಸೂಣ್ರಿ.” ಲಕ್ಷ ಮಂದಿ ನೋಡಿದ್ದರಿಂದ ಒಂದು ಮಾತು ಖಾತ್ರಿ, ಅವರಿಗೆ ತಿಳಿಯುವಂತೆ ಹೇಳುವ ಕಲೆ ಇದೆ. ಹೊಸ ಗುಮಾಸ್ತರಿಗೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಕಲಿಸಲು ಅಂಥ ವಿಡಿಯೋಗಳನ್ನೇ ನೋಡಲು ಹೇಳುತ್ತೇನೆ. ಆದರೆ ಹಂಗಾಮಿನ ಸೋಮವಾರವೋ ಗುರುವಾರವೋ ಬ್ಯಾಡಗಿ ಪೇಟೆಗೆ ಲಕ್ಷಕ್ಕೂ ಹೆಚ್ಚು ಚೀಲ ಮೆಣಸಿನಕಾಯಿ ಬಂದು ಬಿದ್ದಾಗ, ಕಾಟಾದ (ತೂಕದ ಯಂತ್ರದ) ತೂಕ ಬಿಲ್ಲಿಗೆ ಬರದೆ ನಿಂತರೆ ಏನು ಮಾಡಬೇಕೆಂಬುದು ಅವರಿಗೆ ಗೊತ್ತಿದೆಯೇ? ಅದನ್ನು ಯಾರ್ಡಿನಲ್ಲಿಯೇ ನೋಡಬೇಕು.

ಮೊದಲ ಭೇಟಿಗೆ ಲ್ಯಾಪ್‌ಟಾಪ್ ಬೇಡ ಎಂದು ಮುಂಚೆಯೇ ತಿಳಿಸುತ್ತೇನೆ. ಒಂದು ತಾಸು ಅವರನ್ನು ಕಾಟಾದ ಹತ್ತಿರ ನಿಲ್ಲಿಸಿ, ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳುತ್ತೇನೆ. ಕೆಲಸ ಮಾಡಿದವರು ಮೊದಲು ಕೇಳುವುದು ಕಾಟಾದಿಂದ ಆಫೀಸಿಗೆ ಎಷ್ಟು ಮೀಟರ್ ಎಂದು. ಇಂಡಿಕೇಟರಿನ (ತೂಕದ ಅಂಕಿ ತೋರಿಸುವ ಪೆಟ್ಟಿಗೆಯ) ಹಿಂದಿರುವ 9 ಪಿನ್ನಿನ ಆರ್‌ಎಸ್-232 ಕೇಬಲ್ಲನ್ನು ಸುಮಾರು 15 ಮೀಟರಿಗಿಂತ ಉದ್ದ ಎಳೆದರೆ ಅಂಕಿ ಕೆಡಲು ಶುರುವಾಗುತ್ತದೆ. ದೂರ ಹೆಚ್ಚಿದ್ದರೆ ಎರಡೂ ತುದಿಗೆ ಕನ್ವರ್ಟರ್ ಹಾಕಿ ಆರ್‌ಎಸ್-485 ಎಂಬ ಇನ್ನೊಂದು ಬಗೆಯ ಜೋಡಣೆಗೆ ಹೋಗಬೇಕು. ಅದು 1200 ಮೀಟರಿನವರೆಗೂ ಎಳೆಯುತ್ತದೆ. ದೂರ ಕೇಳುವ ಮೊದಲೇ “ಎಲ್ಲಾ ಕ್ಲೌಡಿಗೆ ಹಾಕೂಣ್ರಿ” ಎಂದವರ ಹೆಸರಿನ ಮುಂದೆ ಗುರುತು ಹಾಕುತ್ತೇನೆ. ಕ್ಲೌಡ್ ಒಳ್ಳೆಯದೇ, ಆದರೆ ತೂಕ ಮೊದಲು ಆಫೀಸಿನವರೆಗೆ ಬರಬೇಕಲ್ಲ.

ಕಾಟಾ ಜೋಡಣೆ ಕೈಕೊಡುವ ಕಾರಣಗಳು ಬೆರಳೆಣಿಕೆಯವು, ಅನುಭವಿಗಳು ಅವನ್ನು ಕೇಳದೆಯೇ ಹೇಳುತ್ತಾರೆ. ಇಂಡಿಕೇಟರ್ ಅಂಕಿ ಕಳಿಸುವ ವೇಗ 2400 ಬಾಡ್ ಇದ್ದು ಸಾಫ್ಟ್‌ವೇರಿನದು 9600 ಇದ್ದರೆ ಪರದೆ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಯುಎಸ್‌ಬಿ ಕನ್ವರ್ಟರನ್ನು ಕಸ ಹೊಡೆಯುವಾಗ ಯಾರೋ ತೆಗೆದು ಬೇರೆ ಕಿಂಡಿಗೆ ಚುಚ್ಚಿದರೆ ಕಂಪ್ಯೂಟರ್ ಅದಕ್ಕೆ ಕೊಟ್ಟ ಹೆಸರು ಕಾಮ್ 3 ಇದ್ದದ್ದು ಕಾಮ್ 5 ಆಗಿ ತೂಕ ಬರುವುದೇ ನಿಲ್ಲುತ್ತದೆ. ಸರಿಯಾದ ಕಿಂಡಿಗೆ ಬಣ್ಣದ ಪಟ್ಟಿ ಅಂಟಿಸಿದರೆ ಸಾಕು. ಎಲ್ಲಕ್ಕಿಂತ ದುಬಾರಿ ತಪ್ಪು ಇನ್ನೊಂದು: ಹಮಾಲರು ಚೀಲ ಇಟ್ಟು ಕೈ ತೆಗೆಯುವ ಮೊದಲೇ, ಅಂಕಿ ಓಲಾಡುತ್ತಿರುವಾಗಲೇ ಸಾಫ್ಟ್‌ವೇರ್ ತೂಕ ಹಿಡಿದುಬಿಡುವುದು. ತೂಕ ನಿಂತಿದೆ ಎಂಬ ಸಂಕೇತ ಬರುವವರೆಗೂ ಕಾಯುವಂತೆ ಅದನ್ನು ಬರೆದಿರಬೇಕು.

ಆಮೇಲೆ ಎರಡು ಪ್ರಶ್ನೆ, ಕೂತಲ್ಲೇ. ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲಿನಲ್ಲಿ ದಾಖಲಾಗುವ ಜಿಎಸ್‌ಟಿ ಬಿಲ್) ತಪ್ಪಾದರೆ ಏನು ಮಾಡುತ್ತೀರಿ? 24 ತಾಸಿನೊಳಗೆ ಪೋರ್ಟಲಿನಲ್ಲಿ ರದ್ದು ಮಾಡಬೇಕು, ಆಮೇಲಾದರೆ ಅಲ್ಲಿ ರದ್ದಾಗುವುದಿಲ್ಲ, ಸಾಮಾನ್ಯವಾಗಿ ಬಿಲ್ಲಿನ ಮೊತ್ತ ಇಳಿಸುವ ಕ್ರೆಡಿಟ್ ನೋಟ್ ಕೊಡಬೇಕು. ಮಾಡಿ ಗೊತ್ತಿದ್ದವರು ಇದಕ್ಕೆ ತಡವರಿಸುವುದಿಲ್ಲ. ಎರಡನೆಯದು, ನಮ್ಮದು ಪಾಲುದಾರಿಕೆ ಅಂಗಡಿ, ಆಡಿಟ್ ಟ್ರೇಲ್ (ಲೆಕ್ಕದಲ್ಲಿ ಯಾವಾಗ ಏನು ತಿದ್ದಿದರೆಂಬ ದಾಖಲೆ) ಕಡ್ಡಾಯವೇ? 2023ರ ಏಪ್ರಿಲ್ 1ರಿಂದ ಬಂದ ಆ ನಿಯಮ ಕಂಪನಿ ಕಾಯ್ದೆಯಡಿಯ ಕಂಪನಿಗಳಿಗೆ ಸಂಬಂಧಪಟ್ಟದ್ದು, ಪಾಲುದಾರಿಕೆ ಅಂಗಡಿಗಲ್ಲ. “ಎಲ್ಲರಿಗೂ ಕಡ್ಡಾಯ, ಇವತ್ತೇ ಹೊಸ ಲೈಸನ್ಸ್ ತಗೋರಿ” ಎನ್ನುವವರು ಎಲ್ಲೋ ಕೇಳಿದ್ದನ್ನು ದಾಟಿಸುತ್ತಿದ್ದಾರೆ. ಹಳೆಯ ಅನುಭವಕ್ಕೂ ಇದೇ ಒರೆಗಲ್ಲು ಹಿಡಿಯಬೇಕು. 1998ರಿಂದ ಈ ಧಂಧೆಯಲ್ಲಿದ್ದೇನೆ ಎಂದವರ ಕೈಕೆಲಸ 2017ರ ಜಿಎಸ್‌ಟಿಗೆ ಮೊದಲೇ ನಿಂತಿದ್ದರೆ ಆ ವರ್ಷಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ರೈತರ ಹೆಸರುಗಳು ಹಳೆಯ ‘ನುಡಿ’ ಕನ್ನಡ ಫಾಂಟಿನಲ್ಲಿದ್ದರೆ ಈಗ ಎಲ್ಲ ಕಂಪ್ಯೂಟರೂ ಓದುವ ಯುನಿಕೋಡಿಗೆ ತರುವ ಕೆಲಸವನ್ನು ಎದುರಿಗೇ ಮಾಡಿಸುತ್ತೇನೆ. ಕರ್ಜಗಿ, ಲಕ್ಷ್ಮೇಶ್ವರ, ಕೃಷ್ಣಪ್ಪ ಈ ಮೂರು ಪದ ಸಾಕು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ, ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಇಲ್ಲಿ ಎಡವಿದರೆ ಕರ್ಜಗಿಯ ರೈತರ ಖಾತೆ ಹುಡುಕಿದರೂ ಸಿಗುವುದಿಲ್ಲ.

ಇಷ್ಟು ದಾಟಿದವರಿಗೆ ಒಂದು ಪೇಟೆ ದಿನದ 50 ಲಾಟಿನ (ಒಮ್ಮೆಗೆ ಮಾರುವ ರಾಶಿಯ) ಪಟ್ಟಿಗಳನ್ನು, ಅಂದರೆ ಮಾರಾಟದ ಬಿಲ್ಲುಗಳನ್ನು ಕೊಟ್ಟು, ಹೊಸ ಸಾಫ್ಟ್‌ವೇರಿನಲ್ಲಿ ಮತ್ತೆ ಮಾಡಿಸುತ್ತೇನೆ. ಇದಕ್ಕೆ ದುಡ್ಡು ಕೊಡಬೇಕು. ಪುಕ್ಕಟೆ ಮಾಡಿಸಿದರೆ ಅವರೂ ಮೇಲೆ ಮೇಲೆ ಮಾಡಿ ಮುಗಿಸುತ್ತಾರೆ. ಹೊಸ ಪಟ್ಟಿ ಕೈಬರಹದ ಪಟ್ಟಿಗೆ ಪೈಸೆ ಸಮೇತ ಹೊಂದಬೇಕು. ಕ್ವಿಂಟಲಿಗೆ 18,450 ರೂಪಾಯಿ ದರ, 37.4 ಕಿಲೋ ತೂಕ ಎಂದಿಟ್ಟುಕೊಳ್ಳಿ: 6,900.30 ರೂಪಾಯಿ ಬರಬೇಕು. ಒಳಗೆ ಕಿಲೋ ದರವನ್ನು 184.50ರ ಬದಲು 185 ಎಂದು ಪೂರ್ಣಾಂಕ ಮಾಡಿಟ್ಟಿದ್ದರೆ 6,919 ಬರುತ್ತದೆ. ಒಂದು ಲಾಟಿಗೆ 18.70 ರೂಪಾಯಿ ವ್ಯತ್ಯಾಸ, ದಿನಕ್ಕೆ ಎಷ್ಟು ಲಾಟು ಎಂದು ಗುಣಿಸಿ ನೋಡಿ. ಡೆಮೋದಲ್ಲಿ ಇದು ಕಾಣುವುದಿಲ್ಲ, ಅಲ್ಲಿ ದರಗಳೆಲ್ಲ 10,000, 20,000 ಎಂದು ಗುಂಡಾಗಿರುತ್ತವೆ.

ಹಳೆಯ ಗಿರಾಕಿಗಳ ಪೈಕಿ ಮೂವರ ನಂಬರ್ ಕೇಳುತ್ತೇನೆ: ಮೊದಲ ವರ್ಷದವರು ಒಬ್ಬರು, ಮೂರು ವರ್ಷ ದಾಟಿದವರು ಒಬ್ಬರು, ಇವರನ್ನು ಬಿಟ್ಟುಹೋದವರು ಒಬ್ಬರು. ಫೋನ್ ಮಾಡಿ ಗುಮಾಸ್ತರ ಜೊತೆ ಮಾತಾಡಬೇಕು, ಮಾಲಕರಿಗೆ ದಿನದ ತೊಂದರೆ ತಿಳಿದಿರುವುದಿಲ್ಲ. ಬಿಟ್ಟುಹೋದವರು ಯಾರೂ ಇಲ್ಲ ಎಂದರೆ ನಾನು ನಂಬುವುದಿಲ್ಲ.

ಕೊನೆಯ ಪರೀಕ್ಷೆ ಬ್ಯಾಕಪ್ಪಿನದು, ಇದರಲ್ಲಿ ಹೆಚ್ಚು ಮಂದಿ ಬೀಳುತ್ತಾರೆ. ಬ್ಯಾಕಪ್ ತಗೊಂಡಿದ್ದೇವೆ ಎಂಬ ಮಾತು ಸಾಲದು. ಅಂಗಡಿಯ ಡೇಟಾ ಎಂದೂ ಕಾಣದ ಬೇರೆ ಕಂಪ್ಯೂಟರ್ ಮೇಜಿನ ಮೇಲಿಟ್ಟು, ಪೆನ್‌ಡ್ರೈವ್ ಮಾತ್ರ ಕೈಗೆ ಕೊಟ್ಟು, ಗಡಿಯಾರ ನೋಡುತ್ತ ಕೂಡುತ್ತೇನೆ. ಡೇಟಾ ತೆರೆದ ಮೇಲೆ ಮೂರು ಅಂಕಿ ತಾಳೆ ನೋಡಬೇಕು: ಕೊನೆಯ ಪಟ್ಟಿ ನಂಬರ್, ಗೋದಾಮಿನಲ್ಲಿ ಉಳಿದ ಚೀಲ, ಟ್ರಯಲ್ ಬ್ಯಾಲೆನ್ಸಿನ (ಎಲ್ಲ ಖಾತೆಗಳ ಬಾಕಿ ತಖ್ತೆಯ) ಒಟ್ಟು. ಬ್ಯಾಕಪ್ ಅದೇ ಡಿಸ್ಕಿನ ‘ಡಿ’ ಭಾಗಕ್ಕೆ ಹೋಗುತ್ತಿರುವುದು, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲದಿರುವುದು, ಮೂರು ತಿಂಗಳಿಂದ ಫೈಲೇ ಬಂದಿಲ್ಲದಿರುವುದು ಆ ತಾಸಿನಲ್ಲಿ ಹೊರಬೀಳುತ್ತವೆ. ಬ್ಯಾಕಪ್ಪಿನ ಒಂದು ಪ್ರತಿ ಸದಾ ಅಂಗಡಿಯ ಹೊರಗೆ, ಕಂಪ್ಯೂಟರಿಗೆ ಜೋಡಿಸದೆ ಇರಬೇಕು. ಜೋಡಿಸಿಯೇ ಬಿಟ್ಟರೆ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್ ಅದನ್ನೂ ಬೀಗ ಹಾಕುತ್ತದೆ.

ಆರಿಸಿದ ಮೇಲೆ ಕರಾರಿನಲ್ಲಿ ಮುಖ್ಯವಾಗಿ ಬರೆಸುವುದು ಒಡೆತನ. ಲೈಸನ್ಸು, ಡೊಮೇನು (ವೆಬ್ ವಿಳಾಸ), ಅದಕ್ಕೆ ಕೊಟ್ಟ ಇಮೇಲ್, ಅಡ್ಮಿನ್ ಪಾಸ್‌ವರ್ಡ್ ಎಲ್ಲ ಮಾಲಕರ ಹೆಸರಿನಲ್ಲಿರಬೇಕು. ಹಣದಲ್ಲಿ ಐದನೇ ಒಂದು ಪಾಲು ಒಂದು ಹಂಗಾಮು ಪೂರ್ತಿ ದಾಟಿದ ಮೇಲೆ. ಪಾಸ್‌ವರ್ಡ್ ಚೀಟಿ ಲಕೋಟೆಯಲ್ಲಿ ತಿಜೋರಿಗೆ ಹೋಗುವ ಮೊದಲು, ಸಲಹೆಗಾರರು ಹೊರಗೆ ನಿಂತಿರುವಾಗ ಗುಮಾಸ್ತರೇ ಆ ಚೀಟಿ ನೋಡಿ ಒಮ್ಮೆ ಒಳಹೊಕ್ಕು ತೋರಿಸಬೇಕು.