‘ಗೆಟ್’ ಕಲಿಯೋದು ಹೇಗೆ? ನಮ್ಮ ‘ಸಿಗು’, ‘ಆಗು’ ಹಿಡ್ಕೊಂಡು ಹೋಗಿ

ಪಿಯುಸಿ ಓದೋ ನನ್ನ ಅಕ್ಕನ ಮಗಳು ಮೊನ್ನೆ ಡಿಕ್ಷನರಿ ಹಿಡ್ಕೊಂಡು ಇಂಗ್ಲಿಷಿನ ‘ಗೆಟ್’ನ ಅರ್ಥ ಎಲ್ಲ ಬಾಯಿಪಾಠ ಮಾಡ್ತಾ ಇದ್ಳು, ಹತ್ತನೇ ಅರ್ಥಕ್ಕೆ ಬರುವಾಗ ಮೊದಲನೇದು ಮರ್ತೋಗಿತ್ತು ಪಾಪ. ಹಾಗೆ ಮಾಡ್ಬೇಡಿ ಮಾರಾಯ್ರೆ, ಕನ್ನಡದವರಿಗೆ ಇದಕ್ಕಿಂತ ಸಲೀಸು ದಾರಿ ಉಂಟು.

ಮೊದ್ಲು ಬೇರು ನೋಡಿ. ಈ ಪದ ಬಂದದ್ದು ಉತ್ತರ ಯುರೋಪಿನ ವೈಕಿಂಗರು ಆಡ್ತಿದ್ದ ಹಳೇ ನಾರ್ಸ್ ಭಾಷೆಯ ‘ಗೆಟಾ’ದಿಂದ, ಅಂದ್ರೆ ಪಡೆಯೋದು. ಇದರ ದಾಯಾದಿ ಪದ ಒಂದು ಇಂಗ್ಲಿಷಲ್ಲಿ ಮೊದ್ಲೇ ಇತ್ತು, ‘ಫರ್ಗೆಟ್’ ಒಳಗೆ ಕೂತಿರೋದು ಅದೇ. ಹಿಡಿದದ್ದು ಕೈತಪ್ಪಿ ಹೋಯ್ತು, ಅದೇ ಮರೆವು! ನಂಗೆ ಇದು ಭಾರಿ ಇಷ್ಟ.

ಸೋ ಮೂಲ ಅರ್ಥ ‘ಸಿಗು’. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಬಸ್ ಹತ್ತಿದ್ರಿ, ಸೀಟು ಸಿಕ್ತು, ಐ ಗಾಟ್ ಎ ಸೀಟ್ (‘ಗಾಟ್’ ಅಂದ್ರೆ ‘ಗೆಟ್’ನ ಭೂತಕಾಲ). ಇಳಿದು ನಡೀವಾಗ ಜೋರು ಮಳೆ, ಒದ್ದೆ ಆಯ್ತು, ಗಾಟ್ ವೆಟ್. ನೋಡಿ, ಇಲ್ಲಿ ‘ಆಗು’ ಬಂತು. ಸುಸ್ತಾಯ್ತು, ಸಿಟ್ಟು ಬಂತು, ಮದುವೆ ಆಯ್ತು, ಎಲ್ಲದಕ್ಕೂ ಗಾಟ್ ಹಾಕ್ಬಹುದು, ಆದ್ರೆ ಒಂದು ನೆನಪಿಡಿ, ಅವ ಡಾಕ್ಟರ್ ಆದ ಅನ್ಲಿಕ್ಕೆ ಗಾಟ್ ಬರೋದಿಲ್ಲ, ಅಲ್ಲಿ ಬಿಕೇಮ್. ಆಗೋದು ಒದ್ದೆ, ಸುಸ್ತು ಅಂಥ ಸ್ಥಿತಿ ಆದ್ರೆ ಗೆಟ್, ಡಾಕ್ಟರ್, ಟೀಚರ್ ಅಂತ ನಾಮಪದ ಆದ್ರೆ ಬಿಕಮ್.

‘ಮುಟ್ಟು’ ಅನ್ಲಿಕ್ಕೂ ಗೆಟ್ ಆಗ್ತದೆ. ಮನೆ ಮುಟ್ಟಿದೆ ಅಂದ್ರೆ ಗಾಟ್ ಹೋಮ್, ನಡುವೆ ‘ಟು’ ಬೇಡ. ಉಡುಪಿ ಮುಟ್ಟಿದ್ರೆ ಮಾತ್ರ ಗಾಟ್ ಟು ಉಡುಪಿ. ಅಮೆರಿಕದವರ ‘ಗಾಟನ್’ ಕೇಳಿ ತಪ್ಪು ಅಂದ್ಕೊಳ್ಬೇಡಿ, ಅದು ಹಳೇ ರೂಪ, ಅಲ್ಲಿ ಉಳ್ಕೊಂಡಿದೆ ಅಷ್ಟೆ.

ಇನ್ನು ನಮ್ಮವರು ಜಾಸ್ತಿ ಎಡವೋದು ‘ಮಾಡಿಸು’ ಅನ್ನೋ ಕಡೆ. ಇದೇ ಹುಡುಗಿ ಹಂಪನಕಟ್ಟೆಗೆ ಹೋಗಿ ಕೂದಲು ಕಟ್ ಮಾಡಿಸಿ ಬಂದು ಕ್ಲಾಸಲ್ಲಿ ‘ಐ ಕಟ್ ಮೈ ಹೇರ್’ ಅಂದಿದ್ಳು, ‘ನೀನೇ ಕತ್ತರಿ ಹಿಡಿದ್ಯಾ?’ ಅಂತ ಟೀಚರ್ ಕೇಳಿದ್ರಂತೆ. ಕನ್ನಡದಲ್ಲಿ ಹೀಗೆ ಬೇರೆಯವರ ಕೈಲಿ ಮಾಡಿಸೋ ‘ಇಸು’ ಬಂದ ಕೂಡ್ಲೆ ಗೆಟ್ ನೆನಪು ಮಾಡ್ಕೊಳ್ಳಿ, ಗಾಟ್ ಮೈ ಹೇರ್ ಕಟ್, ಗಾಟ್ ದ ಬೈಕ್ ರಿಪೇರ್ಡ್. ದಿನಾ ರಾತ್ರಿ ಅವತ್ತು ಸಿಕ್ಕಿದ್ದು ಒಂದು, ಆದದ್ದು ಒಂದು, ಮಾಡಿಸಿದ್ದು ಒಂದು ಬರೀರಿ, ಮೂರೇ ವಾಕ್ಯ. ಅವಳೀಗ ಬರೀತಾ ಇದ್ದಾಳೆ, ನಿನ್ನೆದು ‘ಐ ಗಾಟ್ ಮೈ ಅಂಬ್ರೆಲ್ಲಾ ಫಿಕ್ಸ್ಡ್’.