ಬೀರುವಿನಲ್ಲಿರುವ ಹಳೇ ಲೆನ್ಸು ಡಿಜಿಟಲ್ ಕ್ಯಾಮೆರಾಕ್ಕೆ ಕೂರಬೇಕೆಂದರೆ

ಗಂಗಾವತಿಯಲ್ಲಿ ನಮ್ಮ ದೊಡ್ಡಪ್ಪನ ಫೋಟೋ ಸ್ಟುಡಿಯೋ ಇತ್ತು. ಅದು ಮುಚ್ಚಿದ ಮೇಲೆ ಪೆಂಟಾಕ್ಸ್ ಕೆ1000 ಫಿಲ್ಮ್ ಕ್ಯಾಮೆರಾ ಬೀರುವಿನ ಮೇಲಿನ ಖಾನೆ ಸೇರಿತು. ಶಟರ್ ಕೆಟ್ಟಿದೆ. ಆದರೆ ಅದರ 50 ಎಂಎಂ ಎಫ್/2 ಲೆನ್ಸು ಚೆನ್ನಾಗಿಯೇ ಇದೆ. ಈಗ ಅದು ನನ್ನ ಸೋನಿ ಎ6000 ಡಿಜಿಟಲ್ ಕ್ಯಾಮೆರಾ ಮೇಲೆ ಕೂತಿದೆ. ಖರ್ಚಾದದ್ದು ಎರಡನ್ನೂ ಜೋಡಿಸುವ ಒಂದು ಅಡಾಪ್ಟರ್‌ಗೆ ಮಾತ್ರ. ನಿಮ್ಮ ಮನೆಯಲ್ಲೂ ಇಂಥದ್ದು ಇದ್ದರೆ ಸುಮ್ನೆ ಗುಜರಿಗೆ ಕೊಡಬೇಡಿ.

ಮೊದಲು ಲೆನ್ಸನ್ನು ಪರೀಕ್ಷೆ ಮಾಡಿ. ಅಪರ್ಚರ್, ಅಂದರೆ ಬೆಳಕು ಬಿಡುವ ಕಿಂಡಿ, ಪೂರ್ತಿ ತೆರೆದು (ಈ ಲೆನ್ಸಿನಲ್ಲಿ ಎಫ್/2 ಅಂದರೆ ಪೂರ್ತಿ ತೆರೆದದ್ದು), ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ನಮ್ಮ ಕಡೆ ಒಣ ಹವೆ, ಆದರೂ ಚರ್ಮದ ಚೀಲದೊಳಗೆ ವರ್ಷಗಟ್ಟಲೆ ಬಿದ್ದ ಲೆನ್ಸಿಗೆ ಅದು ಬರುತ್ತದೆ. ಒಳಗೆ ನಾಲ್ಕು ಧೂಳಿನ ಕಣ ಇದ್ದರೆ ಚಿಂತೆ ಬೇಡ, ಫೋಟೋದಲ್ಲಿ ಕಾಣುವುದಿಲ್ಲ.

ಇನ್ನು ಮುಖ್ಯವಾದದ್ದು ಅಳತೆ. ಪ್ರತಿ ಕ್ಯಾಮೆರಾದಲ್ಲೂ ಲೆನ್ಸ್ ಕೂರುವ ಜಾಗದಿಂದ (ಅದೇ ಮೌಂಟ್) ಫಿಲ್ಮಿಗೋ ಸೆನ್ಸರಿಗೋ ಇಷ್ಟೇ ದೂರ ಅಂತ ಇರುತ್ತದೆ. ಪೆಂಟಾಕ್ಸ್ ಕೆ ಮೌಂಟಿಗೆ 45.46 ಮಿಲಿಮೀಟರ್. ರಷ್ಯಾದ ಹೀಲಿಯೋಸ್ ಥರದ ತಿರುಪಿನ ಎಂ42 ಲೆನ್ಸುಗಳಿಗೂ ಅಷ್ಟೇ. ಸೋನಿ ಇ ಮೌಂಟಿನಲ್ಲಿ ಆ ದೂರ ಬರೀ 18. ಉಳಿದ 27.46 ಮಿಲಿಮೀಟರನ್ನು ತುಂಬುವ ಲೋಹದ ಬಳೆಯೇ ಅಡಾಪ್ಟರ್. ಒಳಗೆ ಗಾಜಿಲ್ಲ. ಅದಕ್ಕೇ ಎ6000 ಥರದ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಆದರೆ ಒಳಗೆ ಕನ್ನಡಿ ಇರುವ ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಆ ದೂರವೇ 46.5. ಬಳೆಗೆ ಜಾಗವೇ ಉಳಿಯಲಿಲ್ಲ, ಅಲ್ವಾ? ಹಾಗಾಗಿ ಅದರ ಮೇಲೆ ಎಂ42 ಲೆನ್ಸ್ ಹಾಕಿದರೆ ಹತ್ತಿರದ್ದು ಸಿಗುತ್ತದೆ, ದೂರದ ಬೆಟ್ಟ ಮಬ್ಬಾಗಿಯೇ ಉಳಿಯುತ್ತದೆ. ಅದನ್ನು ಸರಿಪಡಿಸಲು ಗಾಜು ಕೂರಿಸಿದ ಅಡಾಪ್ಟರುಗಳಿವೆ, ನಾನು ಅವನ್ನು ಕೊಳ್ಳಿ ಎನ್ನುವುದಿಲ್ಲ. ಲೆನ್ಸಿನ ಗುಣವೇ ಹೋಗುತ್ತದೆ.

ಅಡಾಪ್ಟರ್ ಬಂದ ದಿನವೇ ಅಳತೆ ಸರಿಯಿದೆಯಾ ನೋಡಿಕೊಳ್ಳಿ. ನಾನು ಆನೆಗೊಂದಿ ರಸ್ತೆಯ ಗದ್ದೆ ಬದುವಿನ ಮೇಲೆ ನಿಂತು ಅಂಜನಾದ್ರಿ ಮೇಲಿನ ಬಿಳಿ ಗುಡಿಗೆ ಫೋಕಸ್ ಮಾಡಿದೆ. ಫೋಕಸ್ ರಿಂಗ್ ಕೊನೆ ಮುಟ್ಟಿದರೂ ಗುಡಿ ಸ್ಪಷ್ಟವಾಗದಿದ್ದರೆ ಬಳೆ ದಪ್ಪವಾಗಿದೆ, ವಾಪಸ್ ಕಳಿಸಿ. ಕೊನೆಗಿಂತ ಸ್ವಲ್ಪ ಮೊದಲೇ ಸ್ಪಷ್ಟವಾದರೆ ಬಳೆ ತುಸು ತೆಳ್ಳಗಿದೆ, ಅದರಿಂದ ತೊಂದರೆಯಿಲ್ಲ.

ಲೆನ್ಸ್ ಹಾಕಿ ಬಟನ್ ಒತ್ತಿದರೆ ಕ್ಯಾಮೆರಾ ಸುಮ್ಮನಿರಬಹುದು. ಲೆನ್ಸೇ ಇಲ್ಲ ಅಂದುಕೊಂಡಿರುತ್ತದೆ. ಮೆನುವಿನಲ್ಲಿ 'ರಿಲೀಸ್ ವಿತೌಟ್ ಲೆನ್ಸ್' ಆನ್ ಮಾಡಿ. ಮೋಡ್ ಡಯಲ್ ಎ ಮೇಲಿಡಿ. ಅಪರ್ಚರ್ ನೀವು ಲೆನ್ಸಿನ ಮೇಲೆ ತಿರುಗಿಸುತ್ತೀರಿ, ಶಟರ್ ವೇಗವನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಎ6000 ಸೆನ್ಸರ್ ಫಿಲ್ಮಿಗಿಂತ ಚಿಕ್ಕದು, ಹಾಗಾಗಿ 50 ಎಂಎಂ ಲೆನ್ಸು 75 ಎಂಎಂ ಲೆನ್ಸಿನ ಹಾಗೆ ಕಾಣುತ್ತದೆ. ಕೈ ನಡುಕ ಕಾಣದಿರಲು ಶಟರ್ ವೇಗ 1/125 ಸೆಕೆಂಡಿಗಿಂತ ನಿಧಾನವಾಗಲು ಬಿಡಬೇಡಿ.

ಫೋಕಸ್ ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿ. ಲೆನ್ಸ್ ತೆಗೆದ ದಿನ ದೊಡ್ಡಪ್ಪ ಕೇಳಿದರು: "ಕೈಲೆ ಫೋಕಸ್ ಮಾಡಾಕ ಬರ್ತೈತೇನು ನಿನಗ?" ಬರುತ್ತಿರಲಿಲ್ಲ. ಕಲಿತದ್ದು ಕಿನ್ನಾಳದಲ್ಲಿ, ಗೊಂಬೆಗಳ ಮುಂದೆ ಕೂತು. ಫೋಕಸ್ ಪೀಕಿಂಗ್ ಆನ್ ಮಾಡಿದರೆ ಸ್ಪಷ್ಟವಾದ ಅಂಚುಗಳಿಗೆ ಬಣ್ಣ ಬರುತ್ತದೆ. ನಾನು ಕೆಂಪು ಇಟ್ಟಿದ್ದೆ. ಕಿನ್ನಾಳದ ಗೊಂಬೆಯೂ ಕೆಂಪೇ! ಏನೂ ಗೊತ್ತಾಗಲಿಲ್ಲ. ಬಿಳಿಗೆ ಬದಲಿಸಿದ ಮೇಲೆ ಕಂಡಿತು. ಆದರೂ ಎಫ್/2ರಲ್ಲಿ ಪೀಕಿಂಗನ್ನೇ ನಂಬಬೇಡಿ. ಅದು ಗೊಂಬೆಯ ಮೂಗು, ಕಣ್ಣು, ಕಿವಿ ಎಲ್ಲದಕ್ಕೂ ಬಣ್ಣ ಹಚ್ಚುತ್ತದೆ. ನಮಗೆ ಬೇಕಾದದ್ದು ಕಣ್ಣು. ಚಿತ್ರವನ್ನು ಹಿಗ್ಗಿಸಿ, ಕಣ್ಣಿನ ಕಪ್ಪು ಗೆರೆ ಚೂಪಾಗುವ ತನಕ ರಿಂಗ್ ತಿರುಗಿಸಿ. ಚೂಪು ದಾಟಿ ಸ್ವಲ್ಪ ಮುಂದೆ ಹೋಗಿ, ಮತ್ತೆ ಹಿಂದೆ ಬನ್ನಿ. ದೊಡ್ಡಪ್ಪ ಹೇಳಿಕೊಟ್ಟದ್ದು ಇದೇ. ಎಫ್/2ರಲ್ಲಿ ಚಿತ್ರ ತುಸು ಮೆತ್ತಗೆ, ಮುಖಗಳಿಗೆ ಬಹಳ ಚೆಂದ. ಇಟಗಿ ಮಹಾದೇವ ಗುಡಿಯಂಥ ಕೆತ್ತನೆಗೆ ಎಫ್/5.6 ಅಥವಾ 8 ಇಡಿ. ಪ್ರತಿ ಗೆರೆಯೂ ಎದ್ದು ಬರುತ್ತದೆ. ಎಷ್ಟು ಅಪರ್ಚರ್ ಇಟ್ಟಿದ್ದಿರಿ ಅಂತ ಫೈಲಿನಲ್ಲಿ ದಾಖಲಾಗುವುದಿಲ್ಲ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಎಂ42 ಲೆನ್ಸಿನ ಪಕ್ಕದಲ್ಲಿ ಎ, ಎಂ ಅನ್ನುವ ಸ್ವಿಚ್ ಇದ್ದರೆ ಎಂಗೆ ತಳ್ಳಿ. ತಳ್ಳದಿದ್ದರೆ ಅಪರ್ಚರ್ ರಿಂಗ್ ತಿರುಗಿಸಿದರೂ ಅಪರ್ಚರ್ ತೆರೆದೇ ಇರುತ್ತದೆ.

ಬಿಸಿಲಿನ ಬಗ್ಗೆ ಎಚ್ಚರ. ಏಪ್ರಿಲ್‌ನಲ್ಲಿ ರಾಯಚೂರಿಗೆ ಹೋದಾಗ ನನ್ನ ಇನ್ನೊಂದು ಲೆನ್ಸು ಮಧ್ಯಾಹ್ನವೆಲ್ಲ ಬೈಕಿನ ಡಿಕ್ಕಿಯಲ್ಲೇ ಉಳಿಯಿತು. ಒಳಗಿನ ಗ್ರೀಸ್ ಕರಗಿ ಅಪರ್ಚರ್ ಎಲೆಗಳ ಮೇಲೆ ಎಣ್ಣೆಯಾಗಿ ಹರಡಿತು, ಎಲೆಗಳು ಅಂಟಿಕೊಂಡವು. ಅದನ್ನು ಬಿಚ್ಚಿ ತೊಳೆಸುವ ಖರ್ಚಿನಲ್ಲಿ ಇನ್ನೆರಡು ಅಡಾಪ್ಟರ್ ಬರುತ್ತಿದ್ದವು. ಈಗ ಲೆನ್ಸುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿ ಆಡದ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ, ಹೊರಗೆ ಹೋದಾಗ ಹೆಗಲ ಚೀಲದಲ್ಲಿ. ದೊಡ್ಡಪ್ಪನ ಚರ್ಮದ ಚೀಲ ಮಾತ್ರ ಖಾಲಿಯಾಗಿ ಬೀರುವಿನಲ್ಲೇ ಇದೆ.