ವಿ-0 ಅಂದರೆ ಸಾಲದು, ಎಷ್ಟು ದಪ್ಪಕ್ಕೆ ಅಂತ ಕೇಳಿ

ಪೀಣ್ಯದಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ಪಂಪ್‌ಸೆಟ್‌ಗೆ ಟೈಮರ್ ಬಾಕ್ಸ್ ಮಾಡುತ್ತೇವೆ. ಶುರುವಿನಲ್ಲಿ ಡಬ್ಬಿಯ ಬಗ್ಗೆ ತಲೆಯೇ ಕೆಡಿಸಿಕೊಂಡಿರಲಿಲ್ಲ. ಮಾಮೂಲಿ ಎಬಿಎಸ್ ಪ್ಲಾಸ್ಟಿಕ್, ಹೊಳಪು ಚೆನ್ನಾಗಿತ್ತು, ರೇಟೂ ಕಡಿಮೆ.

ಒಂದು ದಿನ ವಾಪಸ್ ಬಂದ ಬಾಕ್ಸ್ ನೋಡಿ ಎದೆ ಝಲ್ ಅಂತು. ಟರ್ಮಿನಲ್ ಸ್ಕ್ರೂ ಸಡಿಲವಾಗಿ, ವೈರ್ ಕಾದು ಕಾದು, ಡಬ್ಬಿಯ ಒಂದು ಮೂಲೆ ಮೇಣದ ಹಾಗೆ ಕರಗಿ ಕರ್ರಗಾಗಿತ್ತು. ಸ್ಕ್ರೂ ಸರಿಯಾಗಿ ಬಿಗಿ ಮಾಡದ್ದು ನಾವೇ, ಅದು ಬೇರೆ ಮಾತು.

ಸರಿ, ಎಫ್‌ಆರ್ ಎಬಿಎಸ್‌ಗೆ, ಅಂದರೆ ಬೆಂಕಿ ತಡೆಯುವ ರಾಸಾಯನಿಕ ಸೇರಿಸಿದ ಎಬಿಎಸ್‌ಗೆ, ಬದಲಾಯಿಸಿದೆವು. ಡೀಲರ್ ಹೇಳಿದ್ದು ಒಂದೇ ಮಾತು: "ವಿ-0 ಸರ್, ಬೆಂಕಿನೇ ಹತ್ತಲ್ಲ." ಹತ್ತುತ್ತೆ. ಆದರೆ ತಾನೇ ಆರುತ್ತೆ. ವಿ-0 ಅನ್ನುವುದು ಯುಎಲ್ 94 ಅನ್ನುವ, ಪ್ಲಾಸ್ಟಿಕ್ ಹೇಗೆ ಉರಿಯುತ್ತೆ ಅಂತ ಅಳೆಯುವ ಪರೀಕ್ಷೆಯ ಒಂದು ದರ್ಜೆ. ಅದರಲ್ಲಿ 125 ಮಿ.ಮೀ. ಉದ್ದ, 13 ಮಿ.ಮೀ. ಅಗಲದ ಪಟ್ಟಿಯನ್ನು ನೆಟ್ಟಗೆ ತೂಗುಹಾಕಿ, ಕೆಳತುದಿಗೆ 10 ಸೆಕೆಂಡು ಜ್ವಾಲೆ ಹಿಡಿಯುತ್ತಾರೆ. ಆರಿದ ಮೇಲೆ ಇನ್ನೊಂದು ಸಲ. ವಿ-0 ಸಿಗಬೇಕಿದ್ದರೆ ಪ್ರತಿ ಸಲವೂ 10 ಸೆಕೆಂಡಿನೊಳಗೆ ಆರಬೇಕು, ಐದು ಪಟ್ಟಿಗಳ ಒಟ್ಟು ಲೆಕ್ಕ 50 ಸೆಕೆಂಡು ದಾಟಬಾರದು. ಕೆಳಗೆ ಹರಡಿದ ಹತ್ತಿಗೆ ಉರಿಯುವ ಹನಿ ಬಿದ್ದು ಕಿಡಿ ತಾಕಬಾರದು. ವಿ-1ರಲ್ಲಿ ಒಂದು ಸಲಕ್ಕೆ 30 ಸೆಕೆಂಡು. ವಿ-2ಗೂ ಅಷ್ಟೇ, ಆದರೆ ಹತ್ತಿ ಹೊತ್ತಿದರೂ ಪಾಸು! ಮಾಮೂಲಿ ಎಬಿಎಸ್ ಎಚ್‌ಬಿ ದರ್ಜೆಯದು. ಅದನ್ನು ಅಡ್ಡಲಾಗಿ ಹಿಡಿದು, ಎಷ್ಟು ನಿಧಾನ ಉರಿಯುತ್ತೆ ಅಂತ ನೋಡುವುದಷ್ಟೇ.

ನಾವೇ ಒಮ್ಮೆ ನೋಡೋಣ ಅಂತ ಮುಚ್ಚಳಗಳಿಂದ ಪಟ್ಟಿ ಕೊಯ್ದೆವು. ಹಿತ್ತಲಲ್ಲಿ ಕಬ್ಬಿಣದ ಸ್ಟ್ಯಾಂಡ್, ಒಂದಡಿ ಕೆಳಗೆ ಹತ್ತಿ, ಕೈಯಲ್ಲಿ ಗ್ಯಾಸ್ ಲೈಟರ್, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್. ಇದು ಸರ್ಟಿಫಿಕೇಟಿಗೆ ಬರಲ್ಲ, ನಮ್ಮ ಸಮಾಧಾನಕ್ಕೆ. ಹಳೇ ಎಬಿಎಸ್ ಕರಿ ಮಸಿ ಹಾರಿಸುತ್ತಾ ತೊಟ ತೊಟ ಸುರಿದು ಹತ್ತಿಯನ್ನೇ ಹೊತ್ತಿಸಿತು. ಹೊಸದು ಮೊದಲ ಸಲ ಮೂರು ಸೆಕೆಂಡಿಗೆ ಆರಿತು. ಎರಡನೇ ಸಲ ಮಾತ್ರ ಹದಿನಾಲ್ಕು ಸೆಕೆಂಡು ಉರಿಯಿತು. ವಿ-0 ಎಲ್ಲಿ ಹೋಯ್ತು?

ಪ್ಲಾಸ್ಟಿಕ್ಕಿಗೆ ಯುಎಲ್ ಕೊಡುವ ರೇಟಿಂಗ್ ಪತ್ರ, ಯೆಲ್ಲೋ ಕಾರ್ಡ್, ತೆಗೆದು ಓದಿದೆ. 1.5 ಮಿ.ಮೀ.ಗೆ ವಿ-0 ಅಂತಿತ್ತು. ನಮ್ಮ ಮುಚ್ಚಳಕ್ಕೆ ವರ್ನಿಯರ್ ಇಟ್ಟರೆ 1.2. ರೇಟಿಂಗ್ ಬರೀ ಪ್ಲಾಸ್ಟಿಕ್ಕಿನದಲ್ಲ, ದಪ್ಪದ್ದೂ ಹೌದು. ತೆಳ್ಳಗಿದ್ದರೆ ಬೇಗ ಕಾಯುತ್ತೆ, ಬೇಗ ಉರಿಯುತ್ತೆ. ಡೈ (ಅಚ್ಚು) ಮಾಡುವವರ ಹತ್ತಿರ ಹೋದೆ. ಪುಣ್ಯಕ್ಕೆ ದಪ್ಪ ಮಾಡುವುದು ಸುಲಭ, ಡೈನ ಉಕ್ಕು ಸ್ವಲ್ಪ ಕೆತ್ತಿದರಾಯಿತು. ತೆಳು ಮಾಡಬೇಕಿದ್ದರೆ ವೆಲ್ಡಿಂಗ್ ಮಾಡಿ ಉಕ್ಕು ತುಂಬಬೇಕಿತ್ತು. 1.8ಕ್ಕೆ ಮಾಡಿಸಿದೆ. ಒಂದು ಪೀಸ್ ಅಚ್ಚಾಗುವ ಸಮಯ, ಸೈಕಲ್ ಟೈಮ್, ಜಾಸ್ತಿಯಾಯ್ತು, ಸ್ಕ್ರೂ ಕೂರುವ ಬಾಸ್‌ಗಳ ಹಿಂದೆ ಸಣ್ಣ ತಗ್ಗು ಬಿತ್ತು. ಪರವಾಗಿಲ್ಲ ಅಂದುಕೊಂಡೆ.

ಇನ್ನೊಂದು ಕಿರಿಕಿರಿ ಮೋಲ್ಡಿಂಗ್‌ನಲ್ಲಿ. ರನ್ನರ್ (ಅಚ್ಚಿನ ಕಾಲುವೆಯಲ್ಲಿ ಉಳಿದ ಪ್ಲಾಸ್ಟಿಕ್), ರಿಜೆಕ್ಟ್ ಎಲ್ಲಾ ಗ್ರೈಂಡರ್‌ಗೆ ಹಾಕಿ, ಹೊಸ ಪ್ಲಾಸ್ಟಿಕ್ ಜೊತೆ ವಾಪಸ್ ಮಷೀನಿನ ಹಾಪರ್‌ಗೆ ಸುರಿಯುತ್ತಾರೆ. ಯುಎಲ್ ಲೆಕ್ಕದಲ್ಲಿ ಸಾಮಾನ್ಯವಾಗಿ ಅದಕ್ಕೆ ಶೇ. 25ರ ಮಿತಿ ಇದೆ. ಒಮ್ಮೆ ನಾನೇ ನಿಂತು ನೋಡಿದಾಗ ಅರ್ಧಕ್ಕರ್ಧ ಹಾಕಿದ್ದರು. "ಏನಪ್ಪಾ ಇದು?" ಅಂದರೆ, "ಕಲರ್ ಒಂದೇ ಅಲ್ವಾ ಸರ್" ಅಂದ ಆಪರೇಟರ್. ಈಗ ಮಟೀರಿಯಲ್ ತೂಕ ಬರೆದಿಡಲು ಪುಸ್ತಕ ಇಟ್ಟಿದ್ದೇನೆ. ಪ್ರತಿ ಲಾಟ್‌ನಿಂದ ಎರಡು ಮುಚ್ಚಳ ಕೊಯ್ದು ಸುಡುತ್ತೇವೆ. ಹತ್ತಿ ಮನೆಯಿಂದ ತರುತ್ತೇನೆ, ದೀಪದ ಬತ್ತಿಗೆ ಇಟ್ಟಿದ್ದು ಖಾಲಿಯಾಗುತ್ತಿದೆ ಅಂತ ಅಮ್ಮನ ದೂರು.